ಮಳೆ ದಿನದ ಸೋಮಾರಿತನ ಪುಕ್ಕಟೆ ಸಿಗೋದಲ್ಲ

ಮಳೆ ಬರ್ತಿರುವಾಗ ಮನೆಯಲ್ಲಿ ಸುಮ್ಮನೆ ಬಿದ್ದುಕೊಂಡಿರೋದಕ್ಕಿಂತ ದೊಡ್ಡ ಸುಖ ಇನ್ನೊಂದಿದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬೋದಿಲ್ಲ. ಕಂಬಳಿ ಹೊದ್ದು, ಕಿಟಕಿ ಅರ್ಧ ತೆರೆದಿಟ್ಟು, ಫೋನ್ ಸೈಲೆಂಟ್ ಮಾಡಿ ಮಲಗಬೇಕು. ಓದೋಣ ಅಂತ ತೆಗೆದ ಪುಸ್ತಕ ಹದಿನೈದನೇ ಪುಟಕ್ಕೇ ಎದೆ ಮೇಲೆ ಬೋರಲು ಬಿದ್ದಿರಬೇಕು. ಗಂಟೆ ಹನ್ನೊಂದಾದರೂ ಹೊರಗೆ ಬೆಳಗಿನ ಆರೂವರೆಯ ಮಬ್ಬು. "ಸ್ನಾನ ಆಯ್ತಾ?" ಅಂತ ಕೇಳೋರು ಯಾರೂ ಇರಬಾರದು. ನೀವೂ ಒಪ್ತೀರಿ ಅಲ್ವಾ?

ಇದಕ್ಕೆ ಕಾರಣಗಳೂ ಇವೆ, ಮನೆಯಲ್ಲಿ ಯಾರಾದರೂ ಬೈದರೆ ಹೇಳಿ. ನಿದ್ದೆಗೆ ಸಂಬಂಧಪಟ್ಟ ಮೆಲಟೋನಿನ್ ಹಾರ್ಮೋನು ಕತ್ತಲಲ್ಲಿ ಏರುತ್ತೆ, ಬೆಳಕಲ್ಲಿ ಇಳಿಯುತ್ತೆ. ಮೋಡ ಕವಿದ ಬೆಳಗ್ಗೆ ದೇಹಕ್ಕೆ 'ಏಳು' ಅನ್ನೋ ಸೂಚನೆ ಸರಿಯಾಗಿ ಸಿಗೋದೇ ಇಲ್ಲ. ಮಳೆಯ ಒಂದೇ ಸಮನೆ ಸದ್ದು ಪಕ್ಕದ ಮನೆಯ ಮಿಕ್ಸಿ, ರಸ್ತೆಯ ಹಾರ್ನ್ ಎಲ್ಲವನ್ನೂ ಮುಚ್ಚಿ ಹಾಕುತ್ತೆ. ಇನ್ನು ಮೊದಲ ಹನಿ ಬಿದ್ದಾಗಿನ ಆ ವಾಸನೆ. ಅದಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 'ಪೆಟ್ರಿಕೋರ್' ಅಂತ ಹೆಸರಿಟ್ಟರು. ಮಣ್ಣಲ್ಲಿರೋ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಅನ್ನೋ ವಸ್ತುವಿಗೆ ಅದರಲ್ಲಿ ದೊಡ್ಡ ಪಾಲಿದೆ. ನಮ್ಮಮ್ಮ ಅದನ್ನು 'ಮಣ್ಣಿನ ವಾಸ್ನೆ' ಅಂತಾರೆ, ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಲ್ಲಿ, ಕೆಲಸ ಬೆಂಗಳೂರಲ್ಲಿ. ಎರಡೂ ಕಡೆಯ ಮಳೆಗೆ ಹೋಲಿಕೆಯೇ ಇಲ್ಲ. ಬೆಂಗಳೂರಿಗೆ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಗೆ 7000 ಮಿಲಿಮೀಟರ್ ಮೇಲೆ. ಬೆಂಗಳೂರಿನ ಮಳೆ ಸಂಜೆ ಆಫೀಸ್ ಬಿಡೋ ಹೊತ್ತಿಗೆ ಸರಿಯಾಗಿ ಬಂದು, ಅಂಡರ್‌ಪಾಸ್ ತುಂಬಿಸಿ ಹೋಗುತ್ತೆ. ಊರಿನ ಮಳೆ ಹಾಗಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು ಹೊತ್ತು ಬರುತ್ತೆ. ಬಂದರೆ ನೆಂಟರ ಥರ ಕೂತೇ ಬಿಡುತ್ತೆ.

ಹೀಗೆ ತಿಂಗಳುಗಟ್ಟಲೆ ಕೂರುವ ಮಳೆಗೆ ನಮ್ಮ ಹಿರಿಯರು ಬೇಸಿಗೆಯಲ್ಲೇ ತಯಾರಿ ಮಾಡ್ಕೊಳ್ತಿದ್ರು. ಸೌದೆ ಒಡೆದು ಕೊಟ್ಟಿಗೆಗೆ ಸೇರಿಸೋದು. ದನಗಳಿಗೆ ಹುಲ್ಲು, ದರಗು. ಮಾವಿನ ಮಿಡಿ ಉಪ್ಪಿಗೆ ಹಾಕೋದು. ಹಲಸಿನ ಬೀಜಕ್ಕೆ ಮಣ್ಣು ಸವರಿ ಇಡೋದು. ಎಲ್ಲಕ್ಕಿಂತ ದೊಡ್ಡ ಕೆಲಸ ಹಲಸಿನ ಹಪ್ಪಳ. ಚೆನ್ನಾಗಿ ಬಲಿತು ಇನ್ನೂ ಹಣ್ಣಾಗದ ಕಾಯಿ ಆಗಬೇಕು. ಕೊಯ್ಯುವಾಗ ಕೈಗೆ ಎಣ್ಣೆ ಹಚ್ಕೊಳ್ಳದಿದ್ರೆ ಮೇಣ ಎರಡು ದಿನ ಹೋಗಲ್ಲ. ತೊಳೆ ಬಿಡಿಸಿ, ಬೇಯಿಸಿ, ಉಪ್ಪು, ಮೆಣಸಿನಕಾಯಿ, ಜೀರಿಗೆ ಸೇರಿಸಿ ಕುಟ್ಟಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಚಾಪೆ ಮೇಲೆ ಹರವಿ ಬಿಸಿಲಲ್ಲಿ ಒಣಗಿಸಬೇಕು. ಕಾಗೆ ಕಾಯೋದು ನಮ್ಮಂಥ ಮಕ್ಕಳ ಕೆಲಸ. ಕಾಯ್ತಾ ಕಾಯ್ತಾ ಅರ್ಧ ಒಣಗಿದ್ದನ್ನು ನಾವೇ ತಿಂದು ಮುಗಿಸ್ತಿದ್ವಿ, ಅದು ಬೇರೆ ಮಾತು.

ಜುಲೈಯಲ್ಲಿ ಕರೆಂಟ್ ಹೋಗಿ, ಶಾಲೆಗೆ ರಜೆ ಕೊಟ್ಟು, ಹಂಚಿನ ಮೇಲೆ ಮಳೆ ಬಡೀತಿರೋವಾಗ ಡಬ್ಬಿಯಿಂದ ತೆಗೆದು ಕೆಂಡದಲ್ಲಿ ಸುಟ್ಟು, ಕೊಬ್ಬರಿ ಎಣ್ಣೆ ಸವರಿ, ಒಂದು ಚೂರು ತೆಂಗಿನಕಾಯಿ ಜೊತೆ ಕೊಡ್ತಿದ್ದ ಆ ಹಪ್ಪಳ, ಲೆಕ್ಕಕ್ಕೆ ನೋಡಿದರೆ, ಏಪ್ರಿಲ್-ಮೇ ತಿಂಗಳ ಬಿಸಿಲು ಮತ್ತು ಬೆನ್ನುನೋವು. ನಾವು ಇಂಜಿನಿಯರುಗಳ ಭಾಷೆಯಲ್ಲಿ ಹೇಳೋದಾದ್ರೆ, ಮಳೆಗಾಲದ ಸೋಮಾರಿತನ ಬ್ಯಾಟರಿ ಮೇಲೆ ನಡೆಯೋದು. ಚಾರ್ಜ್ ಮಾಡಿದವರು ಬೇರೆ, ಬಳಸುವವರು ಬೇರೆ.

ಆಗಲೂ ಎಲ್ಲರಿಗೂ ಸಮನಾಗಿ ಸೋಮಾರಿತನ ಸಿಗ್ತಿರಲಿಲ್ಲ. ನಾಟಿ ಇದ್ದ ಮನೆಯವರು ಅದೇ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ಗದ್ದೆಯಲ್ಲಿ ಬಗ್ಗಿರ್ತಿದ್ರು. ಅಡಿಕೆ ತೋಟದವರಿಗೆ ಕೊಳೆರೋಗದ ಭಯ. ಎರಡು ದಿನ ಮಳೆ ಹೊಳವಾದ್ರೆ ಸಾಕು, ಬೋರ್ಡೋ ಹೊಡೆಸೋಕೆ ಓಡಬೇಕು. ಒಳಗೆ ಅಡುಗೆಮನೆಯಲ್ಲಿ ಹಸಿ ಸೌದೆ ಊದುತ್ತಾ ಕೂತ ಅಮ್ಮನಿಗೆ ಮಳೆ ದಿನ ಕೆಲಸ ಹೆಚ್ಚೇ. ಬಟ್ಟೆ ಒಣಗಲ್ಲ, ಎಲ್ಲರೂ ಮನೆಯಲ್ಲೇ, ಎಲ್ಲರಿಗೂ ಗಂಟೆಗೊಂದು ಸಲ ಹಸಿವು. "ಏನಾದ್ರೂ ಬಿಸಿಬಿಸಿ ಮಾಡು" ಅನ್ನೋ ಮಾತಿನಲ್ಲಿ 'ಮಾಡು' ಅನ್ನಿಸಿಕೊಳ್ಳುವವರು ಯಾವಾಗಲೂ ಒಬ್ಬರೇ.

ಈಗ ನಗರದಲ್ಲಿ ಆ ಜಾಗಕ್ಕೆ ಆ್ಯಪ್ ಬಂದಿದೆ. ಬೆರಳಾಡಿಸಿದರೆ ಅರ್ಧ ಗಂಟೆಯಲ್ಲಿ ಮೆಣಸಿನಕಾಯಿ ಬಜ್ಜಿ ಬಾಗಿಲಿಗೆ. ತಂದುಕೊಟ್ಟ ಹುಡುಗನ ರೇನ್‌ಕೋಟಿನಿಂದ ಲಿಫ್ಟ್ ತನಕ ನೀರಿನ ಗೆರೆ. ಆರ್ಡರ್ ಮಾಡಲೇಬಾರದು ಅಂತ ನಾನು ಹೇಳ್ತಿಲ್ಲ, ಅವನ ದುಡಿಮೆಯೂ ಅದೇ ತಾನೇ. ಆದರೆ ಜೋರು ಮಳೆಯಲ್ಲಿ ಬಜ್ಜಿ ಒಂದು ಗಂಟೆ ತಡವಾದರೆ ಯಾರ ಪ್ರಾಣವೂ ಹೋಗಲ್ಲ. ಮಳೆ ಇಳಿದ ಮೇಲೆ ತರಿಸಬಹುದು. ಇಲ್ಲಾ, ಕಡಲೆಹಿಟ್ಟು ಮನೆಯಲ್ಲೇ ಇರುತ್ತೆ.

ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ವರ್ಷ ಅಮ್ಮ ಹಪ್ಪಳ ಮಾಡಲಿಲ್ಲ. ಮಂಡಿ ನೋವು, ನೆಲದ ಮೇಲೆ ಕೂರೋಕೆ ಆಗಲ್ಲ. ಮರ ಹತ್ತಿ ಕಾಯಿ ಇಳಿಸೋರೂ ಸಿಗಲ್ಲ. ಜೊತೆಗೆ ಕೂತು ಒತ್ತಿಕೊಡ್ತಿದ್ದ ಅತ್ತೆಯೂ ಈಗಿಲ್ಲ. ಕೊರಿಯರ್‌ನಲ್ಲಿ ಹೋದ ವರ್ಷದ ಉಳಿಕೆ ಬಂತು, ಒಂದು ಮೂವತ್ತು ಹಪ್ಪಳ ಇರಬಹುದು. ಫೋನಲ್ಲಿ ಅಂದ್ರು, "ಡಬ್ಬಿ ತಳ ಕಾಣ್ತಾ ಇದೆ ಮಾರಾಯ, ಇದ್ದಷ್ಟು ತಿನ್ನಿ." ಹಪ್ಪಳ ಅಂಗಡಿಯಲ್ಲೂ ಸಿಗುತ್ತೆ, ಗೊತ್ತು. ಆದರೆ ನಮ್ಮನೆ ಹಪ್ಪಳಕ್ಕೆ ಖಾರ ಎಷ್ಟು, ಕಾಯಿ ಯಾವ ಹದದ್ದು, ಎಷ್ಟು ಬಿಸಿಲು ಸಾಕು ಅನ್ನೋದು ಎಲ್ಲೂ ಬರೆದಿಟ್ಟಿಲ್ಲ. ಅದಿರೋದು ಅಮ್ಮನ ಕೈಯಲ್ಲಿ.

ಹಾಗಾಗಿ ನಾನು, ನನ್ನ ಹೆಂಡತಿ, ತಮ್ಮ ಮೂವರೂ ಬರುವ ಮೇ ತಿಂಗಳಿಗೆ ಒಂದು ವಾರ ರಜೆ ಅಂತ ಈಗಲೇ ಗುರುತು ಹಾಕಿಟ್ಟಿದ್ದೀವಿ. ಕೊಯ್ಯೋದು, ಕುಟ್ಟೋದು, ಒತ್ತೋದು ನಾವು. ಅಮ್ಮ ಕುರ್ಚಿ ಮೇಲೆ ಕೂತು ಬೈಯೋದು. ಪ್ಲಾನ್ ಹೇಳಿದಾಗ ಅಮ್ಮ ನಕ್ಕರು. "ಮೊದಲನೇ ದಿನದ ಮೇಣಕ್ಕೇ ಓಡ್ತೀರಿ" ಅಂದರು. ನೋಡೋಣ.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಮಳೆ ಭಾನುವಾರಕ್ಕೊಂದು ಕರಾರು. ಮಧ್ಯಾಹ್ನಕ್ಕೆ ಗಂಜಿ, ಮಿಡಿ ಉಪ್ಪಿನಕಾಯಿ, ತಲೆಗೆರಡು ಸುಟ್ಟ ಹಪ್ಪಳ, ಅಷ್ಟೇ. ಕುಕ್ಕರ್ ಇಡೋದು ಒಬ್ಬರು, ಹಪ್ಪಳ ಸುಡೋದು ಇನ್ನೊಬ್ಬರು. ತೊಳೆಯೋಕೆ ಪಾತ್ರೆಯೂ ಕಮ್ಮಿ. ಒಂದು ಗಂಟೆಗೆ ಇಬ್ಬರೂ ಒಟ್ಟಿಗೆ ಸೋಮಾರಿಗಳಾಗಬಹುದು. ಒಬ್ಬರು ಮಲಗಿ ಇನ್ನೊಬ್ಬರು ಒಲೆ ಮುಂದೆ ನಿಂತರೆ ಅದು ಅರ್ಧ ರಜೆ ಮಾತ್ರ.

ನಿಮ್ಮ ಮನೆಯ ಮಳೆಗಾಲದ ಡಬ್ಬಿಯಲ್ಲಿ ಏನಿರ್ತಿತ್ತು? ಕರಾವಳಿಯವರಾದರೆ ಮಾಂಬಳ ಇರಬಹುದು, ಬಯಲುಸೀಮೆಯವರಾದರೆ ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಇರಬಹುದು. ಅದನ್ನು ಮಾಡೋಕೆ ಬರುವವರು ಮನೆಯಲ್ಲಿ ಇನ್ನೂ ಇದ್ದರೆ, ಈ ಭಾನುವಾರ ಒಂದು ಫೋನ್ ಮಾಡಿ. ಹದ, ಅಳತೆ ಎಲ್ಲಾ ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೂ ಮಳೆ ಹೊತ್ತಲ್ಲಿ ಮಾತಾಡೋಕೆ ಒಬ್ಬರು ಸಿಕ್ಕ ಹಾಗಾಗುತ್ತೆ. ಆಮೇಲೆ ಧಾರಾಳವಾಗಿ ಹೊದ್ದು ಮಲಗಿ.