ಪ್ರೋಟಾನ್ ಚಿಕಿತ್ಸೆ ಮತ್ತು ಕಣಪುಂಜಗಳ ಅಳತೆ: ನಾಗರಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಕ್ಯಾನ್ಸರ್ ರೋಗಕ್ಕೆ ಪ್ರೋಟಾನ್ ಪುಂಜದಿಂದ ಚಿಕಿತ್ಸೆ ನೀಡುವ ಪದ್ಧತಿಯು ಭಾರತದಲ್ಲಿ ಇತ್ತೀಚಿನದು. ಚೆನ್ನೈನ ಅಪೋಲೋ ಪ್ರೋಟಾನ್ ಕ್ಯಾನ್ಸರ್ ಕೇಂದ್ರವು 2019ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಪರಮಾಣು ಶಕ್ತಿ ಇಲಾಖೆಯ ಅನುದಾನಿತ ಸಂಸ್ಥೆಯಾದ ಟಾಟಾ ಸ್ಮಾರಕ ಕೇಂದ್ರವು ನವಿ ಮುಂಬೈನ ಖಾರ್ಘರ್ ಆವರಣದಲ್ಲಿ 2023ರಲ್ಲಿ ಇದೇ ಚಿಕಿತ್ಸೆಯನ್ನು ಆರಂಭಿಸಿತು. ಎರಡೂ ಕೇಂದ್ರಗಳು ಕರ್ನಾಟಕದ ನೆರೆರಾಜ್ಯಗಳಲ್ಲಿವೆ. ಆದುದರಿಂದ ರಾಜ್ಯದ ರೋಗಿಗಳು ಮತ್ತು ಅವರ ಕುಟುಂಬದವರು ಈ ಚಿಕಿತ್ಸೆಯ ಬಗ್ಗೆ ವಿಚಾರಿಸುವುದು ಸಹಜವಾಗಿದೆ.

ಪ್ರೋಟಾನ್ ಪುಂಜವು ಗಡ್ಡೆಯಿರುವ ಸ್ಥಳದಲ್ಲಿಯೇ ನಿಲ್ಲುತ್ತದೆ, ಅದರಾಚೆಗೆ ಹೋಗುವುದಿಲ್ಲ ಎಂಬುದು ಈ ಚಿಕಿತ್ಸೆಯ ಕುರಿತು ಸಾಮಾನ್ಯವಾಗಿ ಕೇಳಿಬರುವ ಮಾತು. ಈ ಮಾತು ನಿಜ. ಆದರೆ ಪುಂಜವು ನಿಲ್ಲುವ ಸ್ಥಳವನ್ನು ಎಷ್ಟು ನಿಖರವಾಗಿ ತಿಳಿಯಲು ಸಾಧ್ಯ ಎಂಬ ಪ್ರಶ್ನೆಯ ಮೇಲೆ ಅದರ ಪ್ರಯೋಜನವು ನಿಂತಿದೆ. ಕಣಪುಂಜ ಮತ್ತು ವಸ್ತುವಿನ ನಡುವಿನ ವರ್ತನೆಯನ್ನು ಅಳೆಯುವ ವಿಜ್ಞಾನದ ಇಂದಿನ ಸ್ಥಿತಿಯನ್ನೂ, ಅದು ರೋಗಿಯ ಮೇಲೆ ಬೀರುವ ಪರಿಣಾಮವನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

1. ಕಣಪುಂಜವು ವಸ್ತುವಿನೊಳಗೆ ವರ್ತಿಸುವ ಬಗೆ

ಬಹುತೇಕ ಆಸ್ಪತ್ರೆಗಳಲ್ಲಿ ವಿಕಿರಣ ಚಿಕಿತ್ಸೆಗೆ ರೇಖೀಯ ವೇಗವರ್ಧಕದಿಂದ ಹೊರಡುವ ಎಕ್ಸ್-ಕಿರಣಗಳನ್ನು ಬಳಸಲಾಗುತ್ತದೆ. ಎಕ್ಸ್-ಕಿರಣವು ಚರ್ಮದಿಂದ ಕೆಲವು ಸೆಂಟಿಮೀಟರ್ ಒಳಗೆ ಅತಿ ಹೆಚ್ಚು ಶಕ್ತಿಯನ್ನು ಬಿಟ್ಟು, ಬಳಿಕ ಕ್ರಮೇಣ ಕ್ಷೀಣಿಸುತ್ತಾ ದೇಹದ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಪ್ರೋಟಾನಿನ ನಡೆ ಇದಕ್ಕೆ ವಿರುದ್ಧವಾದುದು. ಅದು ವೇಗವಾಗಿ ಸಾಗುತ್ತಿರುವಾಗ ಕಡಿಮೆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವೇಗ ತಗ್ಗಿದಂತೆಲ್ಲ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉದಾಹರಣೆಗೆ, 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್ ನೀರಿನ ಪ್ರತಿ ಸೆಂಟಿಮೀಟರಿಗೆ ಸುಮಾರು 4.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನಂತೆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದೇ ಪ್ರೋಟಾನಿನ ಶಕ್ತಿ 10 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿದಾಗ ಈ ನಷ್ಟದ ದರವು ಹತ್ತು ಪಟ್ಟು ಏರಿ ಸುಮಾರು 46 ಆಗುತ್ತದೆ. ಹೀಗಾಗಿ ಪಯಣದ ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಶಕ್ತಿಯ ಬಿಡುಗಡೆಯು ಶಿಖರಕ್ಕೇರಿ ಒಡನೆಯೇ ಶೂನ್ಯಕ್ಕಿಳಿಯುತ್ತದೆ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1904ರ ಸುಮಾರಿಗೆ ವಿಲಿಯಂ ಹೆನ್ರಿ ಬ್ರಾಗ್ ಅವರು ಆಲ್ಫಾ ಕಣಗಳ ಮೇಲೆ ಪ್ರಯೋಗ ನಡೆಸುವಾಗ ಈ ಶಿಖರವನ್ನು ಗುರುತಿಸಿದರು. ಆದುದರಿಂದ ಇದಕ್ಕೆ ಬ್ರಾಗ್ ಶಿಖರವೆಂದು ಹೆಸರಾಗಿದೆ. ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. ಬರ್ಕ್ಲಿಯಲ್ಲಿ 1954ರಲ್ಲಿ ಮೊದಲ ರೋಗಿಗೆ ಪ್ರೋಟಾನ್ ಚಿಕಿತ್ಸೆ ನೀಡಲಾಯಿತು. ಕ್ಯಾಲಿಫೋರ್ನಿಯಾದ ಲೋಮ ಲಿಂಡಾದಲ್ಲಿ 1990ರಲ್ಲಿ ಆಸ್ಪತ್ರೆಯ ಆವರಣದೊಳಗೇ ಇಂತಹ ಕೇಂದ್ರ ತೆರೆಯಿತು. ಇಂದು ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಕಣಚಿಕಿತ್ಸಾ ಕೇಂದ್ರಗಳಿವೆ. ಜಪಾನಿನ ಚಿಬಾದಲ್ಲಿ 1994ರಿಂದ ಹಾಗೂ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 2009ರಿಂದ ಪ್ರೋಟಾನಿಗಿಂತ ಭಾರವಾದ ಇಂಗಾಲದ ಅಯಾನುಗಳನ್ನೂ ಚಿಕಿತ್ಸೆಗೆ ಬಳಸಲಾಗುತ್ತಿದೆ.

2. ನೀರಿನಲ್ಲಿ ಅಳತೆ, ದೇಹದಲ್ಲಿ ಚಿಕಿತ್ಸೆ

ಪ್ರೋಟಾನ್ ಎಷ್ಟು ಆಳಕ್ಕೆ ಹೋಗುವುದೆಂಬುದು ಅದರ ಶಕ್ತಿಯನ್ನು ಅವಲಂಬಿಸಿದೆ. ನೀರಿನಲ್ಲಿ 70 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್ ಸುಮಾರು 4 ಸೆಂ.ಮೀ., 150ರದ್ದು ಸುಮಾರು 16 ಸೆಂ.ಮೀ., 200ರದ್ದು ಸುಮಾರು 26 ಸೆಂ.ಮೀ. ಆಳವನ್ನು ತಲುಪುತ್ತದೆ. ಆಸ್ಪತ್ರೆಯಲ್ಲಿ ನೀರು ತುಂಬಿದ ತೊಟ್ಟಿಯೊಂದನ್ನು ಪುಂಜದ ಎದುರಿಗಿರಿಸಿ, ಅದರೊಳಗೆ ಅಯಾನೀಕರಣ ಕೋಷ್ಠವೆಂಬ ಚಿಕ್ಕ ಉಪಕರಣವನ್ನು ಹಿಂದೆ ಮುಂದೆ ಚಲಿಸಿ, ಪ್ರತಿ ಆಳದಲ್ಲಿಯೂ ಬಿಡುಗಡೆಯಾಗುವ ಶಕ್ತಿಯನ್ನು ಅಳೆಯಲಾಗುತ್ತದೆ. ಈ ಅಳತೆಯಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸವನ್ನೂ ಗುರುತಿಸಬಹುದು.

ಆದರೆ ರೋಗಿಯ ದೇಹವು ನೀರಿನ ತೊಟ್ಟಿಯಲ್ಲ. ಅದರಲ್ಲಿ ಮೂಳೆ, ಕೊಬ್ಬು, ಸ್ನಾಯು, ಗಾಳಿ ತುಂಬಿದ ಶ್ವಾಸಕೋಶ ಮತ್ತು ಮೂಗಿನ ಕುಹರಗಳಿವೆ. ಪ್ರತಿಯೊಂದು ಅಂಗಾಂಶವೂ ಪ್ರೋಟಾನನ್ನು ತನ್ನದೇ ಪ್ರಮಾಣದಲ್ಲಿ ತಡೆಯುತ್ತದೆ. ಒಂದು ಅಂಗಾಂಶವು ನೀರಿಗೆ ಹೋಲಿಸಿದರೆ ಎಷ್ಟು ತಡೆಯೊಡ್ಡುತ್ತದೆ ಎಂಬ ಅನುಪಾತವನ್ನು ಸಿ.ಟಿ. ಸ್ಕ್ಯಾನ್ ಚಿತ್ರದಿಂದ ಲೆಕ್ಕಹಾಕಲಾಗುತ್ತದೆ. ಇಲ್ಲಿಯೇ ಮುಖ್ಯ ತೊಡಕು ಇದೆ. ಸಿ.ಟಿ. ಸ್ಕ್ಯಾನ್ ತೋರಿಸುವುದು ಎಕ್ಸ್-ಕಿರಣಗಳನ್ನು ಅಂಗಾಂಶವು ಹೀರಿಕೊಳ್ಳುವ ಪ್ರಮಾಣವನ್ನೇ ಹೊರತು ಪ್ರೋಟಾನನ್ನು ತಡೆಯುವ ಶಕ್ತಿಯನ್ನಲ್ಲ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ಅನಿಶ್ಚಿತತೆಯು ಅನಿವಾರ್ಯವಾಗಿ ಸೇರಿಕೊಳ್ಳುತ್ತದೆ.

3. ಮಿಲಿಮೀಟರುಗಳ ಮಹತ್ವ

ಈ ಅನಿಶ್ಚಿತತೆಯನ್ನು ತುಂಬಿಕೊಡಲು ಗಡ್ಡೆಯ ಆಚೆಗೂ ಸ್ವಲ್ಪ ಅಂಚನ್ನು ಸೇರಿಸಿ ಚಿಕಿತ್ಸೆಯನ್ನು ಯೋಜಿಸುವುದು ವಾಡಿಕೆ. ಕೆಲವು ಕೇಂದ್ರಗಳು ಪುಂಜದ ಆಳದ ಶೇ. 3.5ರಷ್ಟಕ್ಕೆ 1 ಮಿ.ಮೀ. ಕೂಡಿಸಿ ಈ ಅಂಚನ್ನು ನಿಗದಿಪಡಿಸಿವೆ. ಈ ಸೂತ್ರದ ಪ್ರಕಾರ ಗಡ್ಡೆಯು 10 ಸೆಂ.ಮೀ. ಆಳದಲ್ಲಿದ್ದರೆ ಅಂಚು 4.5 ಮಿ.ಮೀ. ಆಗುತ್ತದೆ, 20 ಸೆಂ.ಮೀ. ಆಳದಲ್ಲಿದ್ದರೆ 8 ಮಿ.ಮೀ. ಆಗುತ್ತದೆ. ಈ 8 ಮಿ.ಮೀ. ಅಂಚಿನಲ್ಲಿರುವ ಆರೋಗ್ಯವಂತ ಅಂಗಾಂಶವೂ ಗಡ್ಡೆಯಷ್ಟೇ ವಿಕಿರಣವನ್ನು ಪಡೆಯಬಹುದು.

ತಲೆಬುರುಡೆಯ ತಳಭಾಗದಲ್ಲಿ ಬೆಳೆಯುವ ಗಡ್ಡೆಗಳ ಪಕ್ಕದಲ್ಲಿಯೇ ಮಿದುಳುಕಾಂಡ ಮತ್ತು ದೃಷ್ಟಿನರಗಳಿರುತ್ತವೆ. ಅಂಚು ಹೆಚ್ಚಾದರೆ ಅವುಗಳಿಗೆ ಹಾನಿಯಾಗುವ ಸಂಭವವಿದೆ. ಅಂಚು ಕಡಿಮೆಯಾಗಿ ಪುಂಜವು ಮುಂಚೆಯೇ ನಿಂತರೆ ಗಡ್ಡೆಯ ಒಂದು ಭಾಗಕ್ಕೆ ಚಿಕಿತ್ಸೆಯೇ ದೊರೆಯದೆ ರೋಗವು ಮರುಕಳಿಸಬಹುದು. ಎಕ್ಸ್-ಕಿರಣ ಚಿಕಿತ್ಸೆಯಲ್ಲಿ ಇಂತಹ ತಪ್ಪಿನ ಪರಿಣಾಮವು ಅಷ್ಟು ತೀವ್ರವಾಗಿರುವುದಿಲ್ಲ, ಏಕೆಂದರೆ ಆ ಕಿರಣವು ಹಠಾತ್ತನೆ ನಿಲ್ಲುವುದಿಲ್ಲ. ಪ್ರೋಟಾನಿಗೆ ಹಿರಿಮೆಯನ್ನು ತಂದ ಗುಣವೇ ಅಳತೆಯಲ್ಲಿ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ.

ಇದರೊಂದಿಗೆ ಮತ್ತೊಂದು ಅಂಶವಿದೆ. ಪ್ರೋಟಾನ್ ಎಕ್ಸ್-ಕಿರಣಕ್ಕಿಂತ ಶೇ. 10ರಷ್ಟು ಹೆಚ್ಚು ಜೈವಿಕ ಪರಿಣಾಮ ಬೀರುತ್ತದೆಂದು ಚಿಕಿತ್ಸಾ ಯೋಜನೆಯಲ್ಲಿ ಪರಿಗಣಿಸಲಾಗುತ್ತದೆ. ಪುಂಜದ ಕೊನೆಯ ಭಾಗದಲ್ಲಿ ಈ ಪರಿಣಾಮವು ಇನ್ನೂ ಹೆಚ್ಚಾಗಿರುವುದು ಜೀವಕೋಶಗಳ ಮೇಲಿನ ಅಳತೆಗಳಿಂದ ತಿಳಿದುಬಂದಿದೆ. ಆದಕಾರಣ ಸೂಕ್ಷ್ಮ ಅಂಗದ ಎದುರಿಗೇ ಪುಂಜವು ಕೊನೆಗೊಳ್ಳದಂತೆ ಬೇರೆ ಬೇರೆ ದಿಕ್ಕುಗಳಿಂದ ಪುಂಜವನ್ನು ಹಾಯಿಸಲು ಯೋಜಿಸಲಾಗುತ್ತದೆ.

4. ಮೂಲ ಅಂಕಿಗಳ ಪರಿಷ್ಕರಣೆ

ವಸ್ತುವಿನ ತಡೆಶಕ್ತಿಯನ್ನು ಲೆಕ್ಕಹಾಕುವ ಸೂತ್ರವನ್ನು ಹಾನ್ಸ್ ಬೆಥೆ ಅವರು 1930ರಲ್ಲಿ ರೂಪಿಸಿದರು. ಆ ಸೂತ್ರದಲ್ಲಿ ಪ್ರತಿ ವಸ್ತುವಿಗೂ ಸರಾಸರಿ ಉದ್ರೇಕ ಶಕ್ತಿಯೆಂಬ ಒಂದು ಸಂಖ್ಯೆ ಬೇಕಾಗುತ್ತದೆ. ಅಂತಾರಾಷ್ಟ್ರೀಯ ವಿಕಿರಣ ಮಾನ ಮತ್ತು ಅಳತೆಗಳ ಆಯೋಗವು 1993ರ ವರದಿಯಲ್ಲಿ ನೀರಿಗೆ ಈ ಸಂಖ್ಯೆಯನ್ನು 75 ಎಲೆಕ್ಟ್ರಾನ್ ವೋಲ್ಟ್ ಎಂದು ನಿಗದಿಪಡಿಸಿತ್ತು. ಹೊಸ ಅಳತೆಗಳನ್ನು ಪರಿಶೀಲಿಸಿ 2016ರಲ್ಲಿ ಹೊರಬಂದ ವರದಿಯಲ್ಲಿ ಅದನ್ನು 78ಕ್ಕೆ ಏರಿಸಲಾಯಿತು. ಅದರಲ್ಲಿಯೂ 2ರಷ್ಟು ಹೆಚ್ಚುಕಡಿಮೆಯಾಗಬಹುದೆಂದು ತಿಳಿಸಲಾಯಿತು.

75ರಿಂದ 78ಕ್ಕೆ ಆದ ಬದಲಾವಣೆಯು ಲೆಕ್ಕಹಾಕಿದ ಆಳವನ್ನು ಸುಮಾರು ಶೇ. 0.5ರಷ್ಟು ಬದಲಿಸುತ್ತದೆ. ಆಸ್ಪತ್ರೆಯಲ್ಲಿ ನೀರಿನೊಳಗಿನ ಆಳವನ್ನು ನೇರವಾಗಿ ಅಳೆಯುವುದರಿಂದ ಅಲ್ಲಿ ಈ ಬದಲಾವಣೆಯು ತೊಂದರೆಯನ್ನುಂಟುಮಾಡುವುದಿಲ್ಲ. ಆದರೆ ಮೂಳೆ, ಕೊಬ್ಬು ಮೊದಲಾದವುಗಳ ಅನುಪಾತವನ್ನು ನೀರಿನ ಅಂಕಿಯನ್ನು ಆಧರಿಸಿ ಲೆಕ್ಕಹಾಕುವಾಗ ಅದು ಫಲಿತಾಂಶದೊಳಗೆ ಸೇರುತ್ತದೆ. ಅಂಗಾಂಶಗಳ ಉದ್ರೇಕ ಶಕ್ತಿಯ ನೇರ ಅಳತೆಗಳು ವಿರಳ. ಹಾಗಾಗಿ ತಡೆಶಕ್ತಿಯ ಹೊಸ ಅಳತೆಗಳಿಗೆ ಇಂದಿಗೂ ಬೇಡಿಕೆಯಿದೆ.

ವಿಕಿರಣದ ಪ್ರಮಾಣವನ್ನು ಅಳೆಯುವ ವಿಧಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಈ ಕುರಿತು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2000ದಲ್ಲಿ ಹೊರಡಿಸಿದ ಸಂಹಿತೆಯ ಪ್ರಕಾರ ಅಳತೆಯ ಅನಿಶ್ಚಿತತೆಯು ಪ್ರೋಟಾನಿಗೆ ಸುಮಾರು ಶೇ. 2, ಭಾರವಾದ ಅಯಾನುಗಳಿಗೆ ಸುಮಾರು ಶೇ. 3 ಇತ್ತು. ಪರಿಷ್ಕೃತ ಅಂಕಿಗಳನ್ನು ಅಳವಡಿಸಿಕೊಂಡ ಹೊಸ ಆವೃತ್ತಿಯು 2024ರಲ್ಲಿ ಪ್ರಕಟವಾಗಿದೆ. ಹೆಚ್ಚು ಖಚಿತವಾದ ಅಳತೆಗೆ ಕ್ಯಾಲರಿಮಾಪಕವೇ ಆಧಾರ. ಪುಂಜದಿಂದ ವಸ್ತುವಿನಲ್ಲಿ ಏರುವ ಉಷ್ಣತೆಯನ್ನು ಇದು ಅಳೆಯುತ್ತದೆ. ಒಂದು ಗ್ರೇ ಪ್ರಮಾಣದ ವಿಕಿರಣವು ನೀರಿನ ಉಷ್ಣತೆಯನ್ನು ಏರಿಸುವುದು ಕೇವಲ 0.00024 ಡಿಗ್ರಿ ಸೆಲ್ಸಿಯಸ್‌ನಷ್ಟು. ಇಷ್ಟು ಸಣ್ಣ ಏರಿಕೆಯನ್ನು ಅಳೆಯಬೇಕಾಗಿರುವುದರಿಂದ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಂತಹ ಕೆಲವೇ ಸಂಸ್ಥೆಗಳು ಪ್ರೋಟಾನ್ ಪುಂಜಕ್ಕೆ ತಕ್ಕ ಕ್ಯಾಲರಿಮಾಪಕಗಳನ್ನು ರೂಪಿಸಿವೆ.

ದೇಹದೊಳಗೆ ಪುಂಜವು ನಿಂತ ಸ್ಥಳವನ್ನು ಚಿಕಿತ್ಸೆಯ ಹೊತ್ತಿನಲ್ಲಿಯೇ ನೋಡುವ ಪ್ರಯತ್ನಗಳೂ ನಡೆದಿವೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1997ರಿಂದ 2008ರವರೆಗೆ ಇಂಗಾಲದ ಅಯಾನುಗಳಿಂದ ಚಿಕಿತ್ಸೆ ಪಡೆದ ರೋಗಿಗಳಲ್ಲಿ ಪಾಸಿಟ್ರಾನ್ ಚಿತ್ರಣವನ್ನು ಬಳಸಲಾಯಿತು. ಡ್ರೆಸ್ಡೆನ್‌ನಲ್ಲಿ 2015ರಲ್ಲಿ ಪ್ರೋಟಾನ್ ಪುಂಜವು ಹೊಮ್ಮಿಸುವ ಗಾಮಾ ಕಿರಣಗಳನ್ನು ಹಿಡಿದು ಆಳವನ್ನು ಪರಿಶೀಲಿಸಲಾಯಿತು. ಎರಡು ಶಕ್ತಿಗಳ ಎಕ್ಸ್-ಕಿರಣ ಬಳಸುವ ಸಿ.ಟಿ. ಸ್ಕ್ಯಾನ್ ಕೂಡ ಅನಿಶ್ಚಿತತೆಯನ್ನು ತಗ್ಗಿಸುತ್ತಿದೆ.

5. ಭಾರತದಲ್ಲಿನ ವ್ಯವಸ್ಥೆ

ದೇಶದಲ್ಲಿ ವಿಕಿರಣ ಅಳತೆಯ ಮಾನಕಗಳನ್ನು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ನಿರ್ವಹಿಸುತ್ತದೆ. ಆಸ್ಪತ್ರೆಗಳ ಅಳತೆ ಉಪಕರಣಗಳನ್ನು ಈ ಮಾನಕಗಳಿಗೆ ಹೋಲಿಸಿ ಸರಿಪಡಿಸಲಾಗುತ್ತದೆ. ವಿಕಿರಣ ಚಿಕಿತ್ಸಾ ಘಟಕ ನಡೆಸಲು 1983ರಲ್ಲಿ ಸ್ಥಾಪನೆಗೊಂಡ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯ. ಅರ್ಹ ವೈದ್ಯಕೀಯ ಭೌತವಿಜ್ಞಾನಿ ಹಾಗೂ ಮಂಡಳಿಯ ಅನುಮೋದನೆ ಪಡೆದ ವಿಕಿರಣ ಸುರಕ್ಷತಾ ಅಧಿಕಾರಿ ಘಟಕದಲ್ಲಿರಬೇಕು.

ಮೂಲ ಸಂಶೋಧನೆಗೆ ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್ ಯಂತ್ರವು ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಲಭ್ಯವಿದೆ. ವಿವಿಧ ಅಯಾನುಗಳು ವಸ್ತುಗಳಲ್ಲಿ ಕಳೆದುಕೊಳ್ಳುವ ಶಕ್ತಿಯನ್ನು ಅಲ್ಲಿ ಅಳೆಯಲಾಗಿದೆ. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಆವರಣದಲ್ಲಿ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಸಾಮರ್ಥ್ಯದ ಮೈಕ್ರೋಟ್ರಾನ್ ಯಂತ್ರವಿದ್ದು, ಎಲೆಕ್ಟ್ರಾನ್ ಪುಂಜದಿಂದ ವಸ್ತುಗಳ ಮೇಲಾಗುವ ಪರಿಣಾಮಗಳ ಅಧ್ಯಯನಕ್ಕೆ ಅದನ್ನು ಬಳಸಲಾಗಿದೆ.

6. ಯಾರಿಗೆ ಪ್ರಯೋಜನ?

ಮಕ್ಕಳ ಮಿದುಳು ಮತ್ತು ಬೆನ್ನುಹುರಿಯ ಗಡ್ಡೆಗಳು, ತಲೆಬುರುಡೆಯ ತಳದ ಗಡ್ಡೆಗಳು ಹಾಗೂ ಹಿಂದೆ ವಿಕಿರಣ ಪಡೆದ ಭಾಗದಲ್ಲಿ ಮರುಕಳಿಸಿದ ಕೆಲವು ಗಡ್ಡೆಗಳಿಗೆ ಪ್ರೋಟಾನ್ ಚಿಕಿತ್ಸೆಯನ್ನು ಮುಖ್ಯವಾಗಿ ಪರಿಗಣಿಸಲಾಗುತ್ತದೆ. ಬೆಳೆಯುವ ಮಕ್ಕಳಲ್ಲಿ ಆರೋಗ್ಯವಂತ ಅಂಗಾಂಶಕ್ಕೆ ತಗಲುವ ವಿಕಿರಣವನ್ನು ತಗ್ಗಿಸುವುದರಿಂದ ಮುಂದಿನ ದಶಕಗಳಲ್ಲಿ ಎದುರಾಗಬಹುದಾದ ತೊಂದರೆಗಳು ಕಡಿಮೆಯಾಗುವ ನಿರೀಕ್ಷೆಯಿದೆ.

ಎಲ್ಲ ಕ್ಯಾನ್ಸರ್‌ಗಳಿಗೂ ಇದು ಹೆಚ್ಚು ಫಲಕಾರಿಯೆಂದು ಭಾವಿಸುವುದು ಸರಿಯಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ತುಲನಾತ್ಮಕ ಪರೀಕ್ಷೆಯ ಫಲಿತಾಂಶವನ್ನು 2024ರಲ್ಲಿ ಮಂಡಿಸಲಾಯಿತು. ಚಿಕಿತ್ಸೆಯ ಎರಡು ವರ್ಷಗಳ ಬಳಿಕ ಕರುಳಿನ ಆರೋಗ್ಯಕ್ಕೆ ಸಂಬಂಧಿಸಿದ ಜೀವನಮಟ್ಟದಲ್ಲಿ ಪ್ರೋಟಾನ್ ಮತ್ತು ಆಧುನಿಕ ಎಕ್ಸ್-ಕಿರಣ ಚಿಕಿತ್ಸೆಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಸೇರಿದಂತೆ ರಾಜ್ಯದ ಆಸ್ಪತ್ರೆಗಳಲ್ಲಿ ಲಭ್ಯವಿರುವ ಎಕ್ಸ್-ಕಿರಣ ಚಿಕಿತ್ಸೆಯು ಬಹುಪಾಲು ರೋಗಿಗಳಿಗೆ ಸೂಕ್ತವಾದುದು. ದೂರದ ಕೇಂದ್ರಕ್ಕೆ ಹೋಗುವ ಸಲುವಾಗಿ ಆರಂಭಿಸಬೇಕಾದ ಚಿಕಿತ್ಸೆಯನ್ನು ವಿಳಂಬಿಸುವುದು ರೋಗಿಗೆ ಹಾನಿಕರವಾಗಬಹುದು.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪ್ರೋಟಾನ್ ಚಿಕಿತ್ಸೆಗೆ ಅಥವಾ ಅದರ ವೆಚ್ಚದ ನೆರವಿಗೆ ಅರ್ಜಿ ಸಲ್ಲಿಸಲಿರುವ ನಾಗರಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಒಳಿತು.

ಅ) ತಮ್ಮ ರೋಗಕ್ಕೆ ಪ್ರೋಟಾನ್ ಚಿಕಿತ್ಸೆಯಿಂದ ಎಕ್ಸ್-ಕಿರಣಕ್ಕಿಂತ ಹೆಚ್ಚಿನ ಪ್ರಯೋಜನ ನಿರೀಕ್ಷಿತವೇ ಎಂಬ ಬಗ್ಗೆ ಚಿಕಿತ್ಸೆ ನೀಡುತ್ತಿರುವ ವಿಕಿರಣ ಚಿಕಿತ್ಸಾ ತಜ್ಞರಿಂದ ಲಿಖಿತ ಅಭಿಪ್ರಾಯ ಪಡೆಯುವುದು.

ಆ) ಸಾಧ್ಯವಿದ್ದಲ್ಲಿ ಎರಡೂ ವಿಧಾನಗಳ ಚಿಕಿತ್ಸಾ ಯೋಜನೆಗಳನ್ನು ಹೋಲಿಸಿ ತೋರಿಸುವಂತೆ ಕೇಂದ್ರವನ್ನು ಕೋರುವುದು. ಆಳದ ಅನಿಶ್ಚಿತತೆಗಾಗಿ ಎಷ್ಟು ಅಂಚನ್ನು ಸೇರಿಸಲಾಗಿದೆ, ಆ ಅಂಚಿನಲ್ಲಿ ಯಾವ ಅಂಗಗಳಿವೆ ಎಂದು ಕೇಳುವುದು ರೋಗಿಯ ಹಕ್ಕಾಗಿದೆ.

ಇ) ದೇಹದಲ್ಲಿ ಲೋಹದ ಪಟ್ಟಿ, ತಿರುಪು ಅಥವಾ ಹಲ್ಲಿನ ಲೋಹದ ತುಂಬುವಿಕೆ ಇದ್ದಲ್ಲಿ ಸಿ.ಟಿ. ಸ್ಕ್ಯಾನ್‌ಗೆ ಮುಂಚಿತವಾಗಿ ತಪ್ಪದೆ ತಿಳಿಸುವುದು. ಲೋಹದಿಂದ ಚಿತ್ರವು ಕೆಟ್ಟು ಆಳದ ಲೆಕ್ಕ ತಪ್ಪುವ ಸಂಭವವಿದೆ.

ಈ) ಚಿಕಿತ್ಸೆಯ ವಾರಗಳಲ್ಲಿ ತೂಕ ಇಳಿದಲ್ಲಿ, ಶೀತದಿಂದ ಮೂಗು ಕಟ್ಟಿದಲ್ಲಿ ಅಥವಾ ಊತ ಕಂಡುಬಂದಲ್ಲಿ ಆ ದಿನವೇ ಸಿಬ್ಬಂದಿಯ ಗಮನಕ್ಕೆ ತರುವುದು. ಪುಂಜದ ದಾರಿಯಲ್ಲಿ ಆಗುವ ಇಂತಹ ಬದಲಾವಣೆಗಳಿಂದ ಅದು ನಿಲ್ಲುವ ಸ್ಥಳವೂ ಬದಲಾಗುತ್ತದೆ. ಮರು ಸ್ಕ್ಯಾನ್ ಅಗತ್ಯವಾಗಬಹುದು.

ಉ) ಹಿಂದೆ ಪಡೆದ ವಿಕಿರಣ ಚಿಕಿತ್ಸೆಯ ಸಂಪೂರ್ಣ ದಾಖಲೆಗಳನ್ನು, ಯೋಜನೆಯ ಗಣಕ ಪ್ರತಿಯೂ ಸೇರಿದಂತೆ, ಅರ್ಜಿಯೊಂದಿಗೆ ಒದಗಿಸುವುದು.

ಊ) ಆರೋಗ್ಯ ಯೋಜನೆ ಅಥವಾ ವಿಮೆಯಡಿ ನೆರವು ಬಯಸುವವರು ಪ್ರಯಾಣಕ್ಕೆ ಮುನ್ನವೇ ಪೂರ್ವಾನುಮತಿಯ ಬಗ್ಗೆ ಲಿಖಿತ ಖಚಿತತೆ ಪಡೆದುಕೊಳ್ಳುವುದು.

ಪ್ರೋಟಾನ್ ಚಿಕಿತ್ಸೆಯ ಯಂತ್ರವು ದೊಡ್ಡದಿರಬಹುದು, ವೆಚ್ಚವೂ ಅಧಿಕವಿರಬಹುದು. ಆದರೆ ರೋಗಿಯ ಸುರಕ್ಷತೆಯು ಅಂತಿಮವಾಗಿ ಪ್ರತಿದಿನ ಬೆಳಿಗ್ಗೆ ಮೊದಲ ರೋಗಿಯು ಬರುವ ಮುನ್ನ ನಡೆಯುವ ಅಳತೆಯನ್ನು ಅವಲಂಬಿಸಿದೆ. ಆ ಅಳತೆಯ ಬಗ್ಗೆ ವಿಚಾರಿಸಲು ನಾಗರಿಕರು ಹಿಂಜರಿಯಬೇಕಾಗಿಲ್ಲ.