ದಶಮಾಂಶದ ಆಚೆಗಿನ ಒಂಬತ್ತು ಪಾಲು



ಕೈಗೆ ಬಂದ ಸಂಬಳವನ್ನು ಕ್ರೈಸ್ತನಾದವನು ಹೇಗೆ ನಿರ್ವಹಿಸಬೇಕು ಎಂಬ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಒಂದೇ ಉತ್ತರ ದೊರೆಯುತ್ತದೆ: ದಶಮಾಂಶ ಕೊಡು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಹತ್ತರಲ್ಲಿ ಒಂದು ಪಾಲಿನ ಲೆಕ್ಕ ಬಹು ಸುಲಭ. ಐದನೆಯ ಇಯತ್ತೆಯ ಹುಡುಗನೂ ಕೊನೆಯ ಸೊನ್ನೆಯನ್ನು ಅಳಿಸಿ ಹೇಳಬಲ್ಲ. ಕಷ್ಟವಿರುವುದು ಉಳಿದ ಒಂಬತ್ತು ಪಾಲಿನ ಲೆಕ್ಕದಲ್ಲಿ. ಮನುಷ್ಯನ ನಂಬಿಕೆ ಪರೀಕ್ಷೆಗೆ ಒಳಗಾಗುವುದೂ ಅಲ್ಲಿಯೇ.

ದಶಮಾಂಶದ ಬಗ್ಗೆ ಉಪದೇಶಿಸುವವರು ತಪ್ಪದೆ ತೆರೆಯುವುದು ಮಲಾಕಿಯನ ಗ್ರಂಥದ ಮೂರನೆಯ ಅಧ್ಯಾಯದ ಹತ್ತನೆಯ ವಚನವನ್ನು. ಪೂರ್ಣ ದಶಮಾಂಶವನ್ನು ಭಂಡಾರಕ್ಕೆ ತಂದರೆ ಪರಲೋಕದ ದ್ವಾರಗಳು ತೆರೆದು ಆಶೀರ್ವಾದ ಸುರಿಯುವುದೆಂಬ ವಾಗ್ದಾನ ಅಲ್ಲಿದೆ. ಒಳ್ಳೆಯದು. ಆದರೆ ಅದೇ ಅಧ್ಯಾಯದ ಐದನೆಯ ವಚನವನ್ನು ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ನೀವು ಕೇಳಿದ್ದೀರಾ? ದೇವರು ನ್ಯಾಯತೀರ್ಪಿಗೆ ಬರುವಾಗ ಯಾರ ವಿರುದ್ಧ ಸಾಕ್ಷಿಯಾಗುವನೆಂಬ ಪಟ್ಟಿ ಅಲ್ಲಿದೆ. ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರು, ವಿಧವೆಯನ್ನೂ ಅನಾಥರನ್ನೂ ಹಿಂಸಿಸುವವರು, ಪರದೇಶಿಯ ನ್ಯಾಯವನ್ನು ತಪ್ಪಿಸುವವರು ಆ ಪಟ್ಟಿಯಲ್ಲಿದ್ದಾರೆ. ಅಂದರೆ ಪ್ರವಾದಿಯು ಭಂಡಾರದ ಬಾಗಿಲಿಗೆ ಬರುವ ಮೊದಲೇ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು, ಕೆಲಸದವಳಿಗೆ ಸಂಬಳ ಕೊಟ್ಟೆಯಾ ಎಂದು ಕೇಳಿದ್ದಾನೆ. ಈ ಅನುಕ್ರಮವನ್ನು ನಾವು ಮರೆಯಬಾರದು.

ನಾನು ಬಲ್ಲ ಒಂದು ಕುಟುಂಬದ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಯಜಮಾನನಿಗೆ ತಿಂಗಳಿಗೆ 42,000 ರೂಪಾಯಿ ಸಂಬಳ. ದಶಮಾಂಶವೆಂದು 4,200 ರೂಪಾಯಿ ತಪ್ಪದೆ ಹೋಗುತ್ತಿತ್ತು. ಮನೆಸಾಲ, ವಾಹನಸಾಲಗಳ ಕಂತು 19,000. ಮಗಳ ಮದುವೆಗೆಂದು ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಬಾಕಿ 60,000. ಮನೆಗೆಲಸದ ಹೆಂಗಸಿಗೆ ಎರಡು ತಿಂಗಳ ಸಂಬಳ ನಿಂತಿತ್ತು; ವಯಸ್ಸಾದ ತಾಯಿಯ ಔಷಧದ ಖರ್ಚನ್ನು, ತನಗಿಂತ ಕಡಿಮೆ ಗಳಿಸುವ ತಮ್ಮನ ಮೇಲೆ ಹಾಕಲಾಗಿತ್ತು. ಇಂಥ ಸ್ಥಿತಿಯಲ್ಲಿ ಊರಿಗೆ ಬಂದ ಉಪದೇಶಕರೊಬ್ಬರು, ಸಾಲ ತೀರಬೇಕಾದರೆ ಇನ್ನೂ ಹೆಚ್ಚು ಬಿತ್ತಬೇಕು, ನೂರ್ಮಡಿ ಬೆಳೆ ಬರುವುದು ಎಂದು ಹೇಳಿ ಹೋದರು. ಆ ಗೃಹಸ್ಥ ಕಾರ್ಡಿನಿಂದಲೇ ಇನ್ನೂ ಹತ್ತು ಸಾವಿರ ತೆಗೆದು ಕೊಟ್ಟ.

ಇದನ್ನು ಕಾಣಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನೂರ್ಮಡಿ ಹಿಂದಕ್ಕೆ ಬರಲೆಂದು ಕೊಡುವ ಹಣ ಕಾಣಿಕೆಯಲ್ಲ, ಅದು ಹೂಡಿಕೆ. ಅದೂ ದೇವರನ್ನು ಚೀಟಿ ವ್ಯವಹಾರದ ಯಜಮಾನನನ್ನಾಗಿ ಮಾಡುವ ಹೂಡಿಕೆ. ಬಡ ವಿಧವೆಯ ಎರಡು ಕಾಸಿನ ಉದಾಹರಣೆಯನ್ನು ಕೆಲವರು ಎತ್ತುತ್ತಾರೆ. ಆಕೆ ಹಾಕಿದ ಎರಡು ಕಾಸು ಆಕೆಯದೇ ಆಗಿತ್ತು, ಸಾಲಗಾರನದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು ಬಲವಂತದಿಂದಲೂ ದುಃಖದಿಂದಲೂ ಕೊಡಬೇಡಿರೆಂದೇ ಬೋಧಿಸಿದ್ದಾನೆ. ಇನ್ನು ತಾಯಿಯ ಔಷಧದ ಮಾತು. ಹೆತ್ತವರಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದವರನ್ನು ಯೇಸುಸ್ವಾಮಿ ಎಷ್ಟು ಕಟುವಾಗಿ ಖಂಡಿಸಿದನೆಂಬುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ. ಆ ಗೃಹಸ್ಥನಿಗೆ ಅದನ್ನೇ ಓದಿ ಹೇಳಿದೆ. ಸಂಕಲ್ಪಮಾಡಿದ ಕಾಣಿಕೆಯನ್ನು ಕಡಿಮೆ ಮಾಡಿದರೆ ಶಾಪ ತಟ್ಟೀತೆಂದು ಆತ ಹೆದರಿದ್ದ. ಶಾಪದ ಭಯದಿಂದ ಕೊಡುವುದೂ ಲಾಭದ ಆಸೆಯಿಂದ ಕೊಡುವುದೂ ಒಂದೇ ನಾಣ್ಯದ ಎರಡು ಮುಖಗಳು.

ಈಗ ಸಾಲದ ವಿಷಯ. ಸಾಲಗಾರನು ಸಾಲ ಕೊಟ್ಟವನ ಸೇವಕನಾಗುತ್ತಾನೆಂಬ ಅರ್ಥದ ಮಾತು ಜ್ಞಾನೋಕ್ತಿಗಳಲ್ಲಿದೆ. ನಮ್ಮ ಸರ್ವಜ್ಞನೂ ಸಾಲದ ಬಗ್ಗೆ ಹೇಳಿದ್ದು ನಿಮಗೆಲ್ಲ ಬಾಯಿಪಾಠ. ಆದರೂ ಲೆಕ್ಕ ಹಾಕಿ ನೋಡುವವರು ಕಡಿಮೆ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ ಎಂದುಕೊಳ್ಳಿ. ಕೇಳಲು ಚಿಕ್ಕದು. ವರ್ಷಕ್ಕೆ ಅದು ಶೇಕಡಾ 42. ಮೇಲೆ ಹೇಳಿದ 60,000 ರೂಪಾಯಿಗೆ ಮೊದಲ ತಿಂಗಳ ಬಡ್ಡಿಯೇ 2,100 ರೂಪಾಯಿ. ಅಂದರೆ ಆತನ ದಶಮಾಂಶದ ಸರಿಯಾಗಿ ಅರ್ಧದಷ್ಟು! ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಅಸಲು ಅಲುಗುವುದೇ ಇಲ್ಲ. ಎಲ್ಲ ಸಾಲವೂ ಪಾಪವೆಂದು ನಾನು ಹೇಳುತ್ತಿಲ್ಲ. ಮನೆ, ಮಕ್ಕಳ ವಿದ್ಯೆ, ರೋಗ ಇವುಗಳಿಗೆ ಸಾಲ ಬೇಕಾಗಬಹುದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕನ ಸುವಾರ್ತೆಯಲ್ಲಿ ಸ್ವಾಮಿಯು ಕೇಳಿದ ಪ್ರಶ್ನೆಯನ್ನು ಕಾಗದದ ಮೇಲೆ ಉತ್ತರಿಸಿ ಸಾಲ ಮಾಡಿರಿ ಎಂಬುದಷ್ಟೇ ನನ್ನ ಮಾತು. ಒಂದು ದಿನದ ಮದುವೆಯ ಊಟ ಗೋಪುರವೂ ಅಲ್ಲ, ಮನೆಯೂ ಅಲ್ಲ.

ಜಾಮೀನಿನ ವಿಷಯದಲ್ಲಂತೂ ಬಹಳ ಎಚ್ಚರವಿರಲಿ. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಸಹಿ ಹಾಕಿ ತೊಂದರೆಗೆ ಸಿಕ್ಕಿದವರನ್ನು ಎಷ್ಟೋ ಜನ ಕಂಡಿದ್ದೇನೆ. ಜಾಮೀನುದಾರ ಎರಡನೆಯ ಸಾಲಿನಲ್ಲಿ ನಿಂತಿರುತ್ತಾನೆಂಬುದು ಜನರ ಭ್ರಮೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಜ್ಞಾನೋಕ್ತಿಗಳ ಆರನೆಯ ಅಧ್ಯಾಯವು, ನೆರೆಯವನಿಗೆ ಜಾಮೀನಾಗಿದ್ದರೆ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ ಎನ್ನುತ್ತದೆ. ನೆಂಟನಿಗೆ ಸಹಾಯ ಮಾಡಬೇಕೆನಿಸಿದರೆ, ಕಳೆದುಕೊಂಡರೂ ಅಳದಷ್ಟು ಹಣವನ್ನು ಕೈಯಲ್ಲಿಟ್ಟು ಬಿಡಿರಿ. ಹಣ ಹೋದರೂ ನೆಂಟಸ್ತಿಕೆ ಉಳಿಯುತ್ತದೆ.

ಸಾಲ ಕೊಡುವವರಿಗೂ ಸತ್ಯವೇದ ನಿಯಮ ಇಟ್ಟಿದೆ ಎಂಬುದು ಅನೇಕರಿಗೆ ತಿಳಿಯದು. ಬಡವನಿಂದ ಬಡ್ಡಿ ಕೂಡದು. ಒತ್ತೆಯಿಟ್ಟ ಹೊದಿಕೆಯನ್ನು ಸೂರ್ಯಾಸ್ತದೊಳಗೆ ಹಿಂದಿರುಗಿಸಬೇಕು. ಒತ್ತೆ ಪಡೆಯಲು ಸಾಲಗಾರನ ಮನೆಯೊಳಕ್ಕೆ ನುಗ್ಗಬಾರದು, ಹೊರಗೇ ನಿಲ್ಲಬೇಕು. ಈ ಕೊನೆಯ ನಿಯಮ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ್ದು. ಕಿರುಸಾಲ ವಸೂಲಿಗಾರರ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಬಡವನ ಹೊಸ್ತಿಲಿಗೆ ಮರ್ಯಾದೆ ಉಂಟೆಂಬ ಮಾತು ಮಾತ್ರ ಬಹಳ ಹಳೆಯದು.

ಈ ತತ್ತ್ವ ಬರಿಯ ಉಪದೇಶವಾಗಿ ಉಳಿಯಲಿಲ್ಲ. ಜರ್ಮನಿಯಲ್ಲಿ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬ ದೈವಭಕ್ತ ಗ್ರಾಮಾಡಳಿತಾಧಿಕಾರಿ 1846-47ರ ಬರಗಾಲದಲ್ಲಿ ಬಡವರಿಗಾಗಿ ರೊಟ್ಟಿಯ ಸಂಘ ಕಟ್ಟಿದ. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರೈತರೇ ಒಬ್ಬರಿಗೊಬ್ಬರು ಹೊಣೆಯಾಗುವ ಸಾಲದ ಸಂಘ ಸ್ಥಾಪಿಸಿದ. ನೆರೆಯವನ ಮೇಲಿನ ಪ್ರೀತಿ ಲೆಕ್ಕದ ಪುಸ್ತಕದಲ್ಲೂ ಕಾಣಬೇಕೆಂಬುದು ಅವನ ನಂಬಿಕೆ. ಆ ಮಾದರಿಯ ಪ್ರಭಾವದಿಂದಲೇ 1904ರಲ್ಲಿ ನಮ್ಮ ದೇಶದ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ಜರ್ಮನಿಯ ಕ್ರೈಸ್ತನೊಬ್ಬನ ವಿಚಾರ ನಮ್ಮ ನಾಡಿನ ಗೌಡರೊಬ್ಬರ ಕೈಯಲ್ಲಿ ಹೀಗೆ ಬೇರೂರಿತು.

ಉಳಿತಾಯದ ಬಗ್ಗೆ ಎರಡು ಮಾತು. ಅರಣ್ಯದಲ್ಲಿ ಇಸ್ರಾಯೇಲರು ನಾಳೆಗೆಂದು ಕೂಡಿಟ್ಟ ಮನ್ನ ಹುಳ ಬಿದ್ದು ನಾರಿತು. ಆದರೆ ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕಣಜಗಳಲ್ಲಿ ತುಂಬಿಸಿದ್ದು ಪ್ರಶಂಸೆಗೆ ಪಾತ್ರವಾಯಿತು. ಇನ್ನೂ ದೊಡ್ಡ ಕಣಜ ಕಟ್ಟಿಸಲು ಹೊರಟ ಸಾಮ್ಯದ ಐಶ್ವರ್ಯವಂತನು ಅದೇ ರಾತ್ರಿ ಸತ್ತ. ಮೂರೂ ಕೂಡಿಡುವ ಕಥೆಗಳೇ, ಭೇದವೆಲ್ಲಿ? ಯೋಸೇಫನ ಕಣಜ ಬರಗಾಲದಲ್ಲಿ ಎಲ್ಲರಿಗಾಗಿ ತೆರೆಯಿತು, ಐಶ್ವರ್ಯವಂತನ ಕಣಜಕ್ಕೆ ಒಳಗಿನಿಂದ ಮಾತ್ರ ಬಾಗಿಲು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನಪಿಸುತ್ತೇನೆ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಗತ್ಯ ಮೀರಿದ್ದನ್ನು ಆಕೆ ಹಿಂದಕ್ಕೆ ಕಳಿಸಿದಳು. ಮನ್ನದ ಪಾಠವನ್ನೇ ಕಲ್ಯಾಣದ ಅಂಗಳದಲ್ಲಿ ಹೇಳಿದಂತಿದೆ. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡುವುದು ಯೋಸೇಫನ ವಿವೇಕ. ದುಪ್ಪಟ್ಟಿನ ಆಸೆಗೆ ಓಡುವುದು ಬೇರೆ. 2019ರಲ್ಲಿ ಬೆಂಗಳೂರಿನಲ್ಲಿ ಧರ್ಮದ ಹೆಸರಿನ ಮೇಲೆ ನಂಬಿಕೆ ಗಳಿಸಿ ಹಣ ಸಂಗ್ರಹಿಸಿದ್ದ ಸಂಸ್ಥೆಯೊಂದು ಮುಳುಗಿ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಇಂಥ ಮೋಸ ಯಾವ ಧರ್ಮದವರನ್ನೂ ಬಿಡುವುದಿಲ್ಲ. ಪ್ರಾರ್ಥನೆ ಮಾಡಿ ವ್ಯವಹಾರ ಆರಂಭಿಸುವವನ ಬಳಿಯೂ ನೋಂದಣಿಯ ಕಾಗದ ಕೇಳಿರಿ.

ಕಡೆಯದಾಗಿ ಮೃತ್ಯುಪತ್ರ. ಇದರ ಮಾತೆತ್ತಿದರೆ ಅಪಶಕುನವೆನ್ನುವವರು ನಮ್ಮಲ್ಲೂ ಇದ್ದಾರೆ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹಂಚಿಕೆಯಾಗುತ್ತದೆ: ಮಕ್ಕಳಿದ್ದರೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಹೆಂಡತಿ ಕೊನೆಯವರೆಗೂ ಅದೇ ಮನೆಯಲ್ಲಿ ನಿಶ್ಚಿಂತೆಯಿಂದ ಇರಲೆಂಬ ಇಚ್ಛೆಯಿದ್ದರೆ ಬರೆದಿಡಬೇಕು. ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಮದುವೆಗೆ ಮೊದಲು ಬರೆದ ಉಯಿಲು ಮದುವೆಯಾದೊಡನೆ ರದ್ದಾಗುತ್ತದೆಂಬ ನಿಯಮ ಕ್ರೈಸ್ತರಿಗೆ ಅನ್ವಯಿಸುತ್ತದೆ, ನೆನಪಿಡಿರಿ.

ಹಾಗಾದರೆ ದಶಮಾಂಶ ಬೇಡವೇ ಎಂದು ಕೇಳೀರಿ. ಖಂಡಿತ ಬೇಕು. ನಾನು ಇಂದಿಗೂ ನಿವೃತ್ತಿವೇತನದಿಂದ ಕೊಡುತ್ತೇನೆ. ನಮ್ಮ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ತೆಂಗಿನಕಾಯಿ ಸಾವಿರ ರೂಪಾಯಿಗೆ ಏರಿದಾಗ ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಆ ಕೂಗು ಹಾಕಿದವನ ಮನೆಯ ಕೆಲಸದವಳು ಬಾಕಿಗಾಗಿ ಕಾಯುತ್ತಿದ್ದರೆ ಆ ಚಪ್ಪಾಳೆಗೆ ಅರ್ಥವಿಲ್ಲ. ಸಂಬಳ ಬಂದ ದಿನವೇ ದುಡಿದವರ ಕೂಲಿ ಕೊಡಿರಿ. ಹೆತ್ತವರ ಅಗತ್ಯ ನೋಡಿರಿ. ಸಾಲದ ಕಂತು ಕಟ್ಟಿರಿ. ಅನಂತರ ನಿಮ್ಮ ಹೃದಯದಲ್ಲಿ ನಿಶ್ಚಯಿಸಿದ್ದನ್ನು, ಅದು ಹತ್ತನೆಯ ಪಾಲಾಗಲಿ ಸದ್ಯಕ್ಕೆ ಐವತ್ತನೆಯ ಪಾಲಾಗಲಿ, ಸಂತೋಷದಿಂದ ಕೊಡಿರಿ. ಒಂದು ಪಾಲು ದೇವರದು, ಒಂಬತ್ತು ನನ್ನದು ಎಂಬ ಭಾಗಾಕಾರವೇ ತಪ್ಪು. ಹತ್ತೂ ಅವನವೇ, ನಮ್ಮ ಕೈಯಲ್ಲಿರುವುದು ಲೆಕ್ಕದ ಪುಸ್ತಕ ಮಾತ್ರ.

ಆ ಗೃಹಸ್ಥನ ಕಾರ್ಡಿನ ಬಾಕಿ ಈಗ 60,000ದಿಂದ 18,000ಕ್ಕೆ ಇಳಿದಿದೆ. ಕಾಣಿಕೆಯ ಲಕೋಟೆ ತೆಳ್ಳಗಾಗಿದೆ, ನಿಂತಿಲ್ಲ. ಕೆಲಸದ ಹೆಂಗಸಿನ ಬಾಕಿ ತೀರಿದೆ. ತಾಯಿಯ ಔಷಧವನ್ನು ಈಗ ಅವನೇ ತರುತ್ತಾನೆ.

ಇತಿ ನಿಮ್ಮ ಮಾಸ್ತರ