ಮಕ್ಕಳ ಕಾಮಿಕ್ಸ್: ಮುಖಪುಟದಲ್ಲಿ ಶಿಲುಬೆ ಇದ್ದರೆ ಸಾಕೇ?

2025ರ ಜುಬಿಲಿ ವರ್ಷಕ್ಕಾಗಿ ವ್ಯಾಟಿಕನ್ 2024ರ ಅಕ್ಟೋಬರ್‌ನಲ್ಲಿ 'ಲೂಚೆ' ಎಂಬ ಪುಟ್ಟ ಯಾತ್ರಿಕ ಹುಡುಗಿಯ ಕಾರ್ಟೂನ್ ಚಿತ್ರವನ್ನು ಬಿಡುಗಡೆ ಮಾಡಿತು. ಹಳದಿ ರೇನ್‌ಕೋಟ್, ಕೆಸರು ಮೆತ್ತಿದ ಬೂಟು, ಕೈಯಲ್ಲಿ ಯಾತ್ರಿಕರ ಕೋಲು. ಇಟಲಿಯ ಲುಕ್ಕಾ ನಗರದ ಪ್ರಸಿದ್ಧ ಕಾಮಿಕ್ಸ್ ಮೇಳಕ್ಕೂ ಆಕೆ ಹೋದಳು. ಕೆಲವರು ಮೆಚ್ಚಿದರು, ಕೆಲವರು ಇದು ಧರ್ಮಸಭೆಯ ಘನತೆಗೆ ತಕ್ಕುದಲ್ಲ ಎಂದರು.

ಮಕ್ಕಳ ಭಾಷೆಯಲ್ಲಿ ಮಾತನಾಡುವುದು ತಪ್ಪಲ್ಲ. ಯೇಸುಸ್ವಾಮಿಯೂ ಸಾಮತಿಗಳ ಮೂಲಕವೇ ಬೋಧಿಸಿದರು. ಪ್ರಶ್ನೆ ಇರುವುದು ಆ ಭಾಷೆಯಲ್ಲಿ ನಾವು ಏನು ಹೇಳುತ್ತೇವೆ ಎಂಬುದರಲ್ಲಿ. ನಮ್ಮ ಮಕ್ಕಳು ಮೊಬೈಲ್‌ನಲ್ಲಿ ಜಪಾನಿನ ಮಾಂಗಾ, ಅಮೆರಿಕದ ಸೂಪರ್‌ಹೀರೋಗಳನ್ನು ಕಾಣುತ್ತಿದ್ದಾರೆ. ಇದಕ್ಕೆ ಹೆತ್ತವರ ಉತ್ತರ ಸಾಮಾನ್ಯವಾಗಿ ಎರಡು ಬಗೆ: ಒಂದೋ ನಿಷೇಧ, ಇಲ್ಲವೇ 'ಕ್ರೈಸ್ತ' ಎಂಬ ಹಣೆಪಟ್ಟಿ ಇರುವ ಪುಸ್ತಕವನ್ನು ಕಣ್ಣುಮುಚ್ಚಿ ಕೊಳ್ಳುವುದು. ಎರಡನೆಯದನ್ನೂ ಪರಿಶೀಲಿಸಬೇಕಾಗಿದೆ.

ಅಮೆರಿಕದ ಮಾರ್ವೆಲ್ ಸಂಸ್ಥೆ 1990ರ ದಶಕದ ಆರಂಭದಲ್ಲಿ ಥಾಮಸ್ ನೆಲ್ಸನ್ ಎಂಬ ಕ್ರೈಸ್ತ ಪ್ರಕಾಶಕರ ಜೊತೆಗೂಡಿ 'ಇಲ್ಯುಮಿನೇಟರ್' ಎಂಬ ಕಾಮಿಕ್ಸ್ ತಂದಿತು. ಅಸಾಮಾನ್ಯ ಶಕ್ತಿ ಪಡೆದ ಯುವಕನೇ ಅದರ ನಾಯಕ. ಅದು ಹೆಚ್ಚು ಕಾಲ ಬಾಳಲಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಇಂಥ ಕಥೆಗಳಲ್ಲಿ ಒಂದು ಅಪಾಯವಿದೆ. ವಿಶ್ವಾಸವೆಂದರೆ ಎದುರಾಳಿಗಿಂತ ದೊಡ್ಡ ಶಕ್ತಿ ಎಂದು ಮಗು ಭಾವಿಸಬಹುದು. ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯವನ್ನು ಓದಿರಿ. ದೇವಾಲಯದ ಶಿಖರದಿಂದ ಧುಮುಕಲು ಹೇಳಿದವನು ಸೈತಾನ. ಸೂಪರ್‌ಹೀರೋ ಆಗುವ ಆ ಆಹ್ವಾನವನ್ನು ಯೇಸು ನಿರಾಕರಿಸಿದರು.

ಸಿ. ಎಸ್. ಲೂಯಿಸ್ 1950ರಲ್ಲಿ ಆರಂಭಿಸಿದ ನಾರ್ನಿಯಾ ಕಥಾಮಾಲೆಯನ್ನು ಇದರೊಂದಿಗೆ ಹೋಲಿಸಬಹುದು. ಲೂಯಿಸ್ ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯವರು. ಅವರ ಮೊದಲ ಕಥೆಯಲ್ಲಿ ಬಲಿಷ್ಠ ಸಿಂಹ ಆಸ್ಲನ್, ದ್ರೋಹವೆಸಗಿದ ಹುಡುಗನ ಬದಲಿಗೆ ತಾನೇ ಪ್ರಾಣ ಕೊಡುತ್ತದೆ, ಮತ್ತೆ ಜೀವಂತವಾಗಿ ಏಳುತ್ತದೆ. ಉಪದೇಶವಿಲ್ಲದೆಯೇ ಶಿಲುಬೆಯ ಅರ್ಥ ಮಗುವಿನ ಮನಸ್ಸಿಗೆ ಇಳಿಯುತ್ತದೆ.

ನಮ್ಮದೇ ಧರ್ಮಸಭೆಯಲ್ಲೂ ಒಂದು ಮಾದರಿ ಇದೆ. ಅಮೆರಿಕದ ಕಥೋಲಿಕ ಶಾಲೆಗಳ ಮಕ್ಕಳಿಗಾಗಿ 1946ರಿಂದ 1972ರವರೆಗೆ 'ಟ್ರೆಶರ್ ಚೆಸ್ಟ್' ಎಂಬ ಕಾಮಿಕ್ಸ್ ಪತ್ರಿಕೆ ಬರುತ್ತಿತ್ತು. 1964ರಲ್ಲಿ ಅದು 1976ರ ಅಧ್ಯಕ್ಷ ಚುನಾವಣೆಯನ್ನು ಕಲ್ಪಿಸಿ ಧಾರಾವಾಹಿಯೊಂದನ್ನು ಪ್ರಕಟಿಸಿತು. ಅಭ್ಯರ್ಥಿ ಪೆಟಿಗ್ರೂ ಜಾಣ, ಪ್ರಾಮಾಣಿಕ. ಆದರೆ ಕೊನೆಯವರೆಗೂ ಆತನ ಮುಖವನ್ನೇ ತೋರಿಸಲಿಲ್ಲ. ಕೊನೆಯಲ್ಲಿ ನೋಡಿದರೆ ಆತ ಕಪ್ಪುವರ್ಣೀಯ! ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಟ ನಡೆಯುತ್ತಿದ್ದ ವರ್ಷವದು. ಆತನನ್ನು ಆಗಲೇ ಮೆಚ್ಚಿಕೊಂಡಿದ್ದ ಮಗು, ತನ್ನ ಮನಸ್ಸಿನ ಪೂರ್ವಗ್ರಹವನ್ನು ತಾನೇ ಎದುರಿಸಬೇಕಾಯಿತು. ಕಲ್ಪನೆಯ ಕಥೆ ಮಾಡಬಹುದಾದ ಸುವಾರ್ತಾ ಕಾರ್ಯ ಇದು.

ಚಿತ್ರಗಳ ಮೂಲಕ ವಿಶ್ವಾಸ ಕಲಿಯುವುದು ಕರಾವಳಿಗೆ ಹೊಸತಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ-ಛಾವಣಿಗಳಲ್ಲಿ ಇಟಲಿಯ ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬಿಡಿಸಿದ ಚಿತ್ರಗಳು ಒಂದು ಕಥೆಯನ್ನೇ ಹೇಳುತ್ತವೆ. ಆ ಕಥೆಯ ನಾಯಕ ರಾಜಮನೆತನದ ಹಕ್ಕನ್ನು ತೊರೆದು, ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ 23ನೇ ವಯಸ್ಸಿನಲ್ಲಿ ಪ್ರಾಣ ಕೊಟ್ಟ ಯುವಕ.

ಆದ್ದರಿಂದ ಧರ್ಮೋಪದೇಶ ಶಿಕ್ಷಕರೂ ಹೆತ್ತವರೂ ಮಕ್ಕಳ ಕೈಯಲ್ಲಿರುವ ಕಾಮಿಕ್ಸನ್ನು ಕಸಿದುಕೊಳ್ಳುವ ಮೊದಲು ಒಮ್ಮೆ ಜೊತೆಯಲ್ಲಿ ಕುಳಿತು ಓದಲಿ. ಮೂರು ಪ್ರಶ್ನೆ ಕೇಳಲಿ: ನಾಯಕ ತನ್ನ ಶಕ್ತಿಯನ್ನು ಯಾರಿಗಾಗಿ ಬಳಸುತ್ತಾನೆ? ಶತ್ರುವನ್ನು ಮನುಷ್ಯನೆಂದು ಕಾಣುತ್ತಾನೆಯೇ? ಗೆಲುವಿಗಾಗಿ ಏನನ್ನು ತೊರೆಯುತ್ತಾನೆ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡುವ ಕಥೆಯಲ್ಲಿ ಯೇಸುವಿನ ಹೆಸರು ಇಲ್ಲದಿದ್ದರೂ ಅವರ ದಾರಿ ಇದೆ. ಉತ್ತರ ಕೊಡದ ಪುಸ್ತಕದ ಮುಖಪುಟದಲ್ಲಿ ಎಷ್ಟು ದೊಡ್ಡ ಶಿಲುಬೆ ಇದ್ದರೇನು?